ಹೆಪ್ಪುಗಟ್ಟಿದ ಮದ್ದು

ಪಾತ್ರೆ ಬಗ್ಗಿಸಿದರೂ ಹಾಲು ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದ. ಕೆನೆ ಅಂದುಕೊಂಡದ್ದು ಕೆನೆಯಲ್ಲ, ತೆಳ್ಳಗಿನ ಮಂಜಿನ ಹಾಳೆ. ಅದು ಜಾರಿ ಬಂದು ಲೋಟದ ಅಂಚಿಗೆ ಟಣ್ಣೆಂದು ಬಡಿಯಿತು. ಥತ್, ಇದರ ಮನೆ ಹಾಳಾಗ, ಎಂದು ಬೈದುಕೊಂಡ. ಬೈದದ್ದು ಯಾರನ್ನು ಎಂದು ಯೋಚಿಸಲು ಹೋಗಲಿಲ್ಲ. ಫ್ರಿಜ್ಜಿನ ಥರ್ಮೋಸ್ಟಾಟ್ ಕೈಕೊಟ್ಟಿದೆ, ಒಮ್ಮೆ ಕೊರೆಯಲು ಹಿಡಿದರೆ ನಿಲ್ಲಿಸುವುದೇ ಇಲ್ಲ ಎಂಬುದು ಅವನಿಗೆ ಎಷ್ಟೋ ದಿನದಿಂದ ಗೊತ್ತು. ಗೊತ್ತಿರದೆ ಏನು? ಈ ಬೀದಿ, ಆಚೆ ಬೀದಿ, ಸೇತುವೆಯ ಆ ಕಡೆಯ ಅಂಗಡಿ ಸಾಲು, ಎಲ್ಲ ಕಡೆಯ ಫ್ರಿಜ್ಜುಗಳ ಹೊಟ್ಟೆಗೆ ಕೈ ಹಾಕುವವನು ಅವನೇ. ಬದಲಿಸಬೇಕಾದ ಸಾಮಾನು ಅವನ ಚೀಲದಲ್ಲೇ ಬಿದ್ದಿದೆ. ನಾಳೆ ಹಾಕಿದರಾಯಿತು, ಮನೆಯದಲ್ಲವೇ, ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ದಿನ ತಳ್ಳಿದ್ದ. ಹಾಲಿನ ಪಾತ್ರೆ ಕೆಳಗಿಡುವಾಗಲೇ ಒಳಗಿರುವ ಇನ್ನೊಂದು ನೆನಪಾಯಿತು. ಫ್ರಿಜ್ಜಿನ ನಡುವಿನ ಅಂತಸ್ತಿನ ಹಿಂಭಾಗಕ್ಕೆ ಕೈ ಚಾಚಿದ. ಅಲ್ಲಿ, ಮಂಜು ಕಟ್ಟುವ ತಗಡಿಗೆ ಬೆನ್ನು ತಾಗಿಸಿಕೊಂಡು, ಹೆಂಡತಿಯ ಕೀಲುನೋವಿನ ಇಂಜೆಕ್ಷನ್ನಿನ ಡಬ್ಬಿ ಕೂತಿತ್ತು.

ಪೆನ್ನು ಎಂದು ಅದನ್ನು ಕರೆಯುತ್ತಾರೆ. ಬರೆಯುವ ಪೆನ್ನಿಗಿಂತ ದಪ್ಪ. ಸೂಜಿ ಒಳಗೇ ಅಡಗಿರುತ್ತದೆ, ಹೊಟ್ಟೆಯ ಮೇಲಿಟ್ಟು ಒತ್ತಿದರೆ ಟಿಕ್ಕೆಂದು ಚುಚ್ಚಿ ತಾನೇ ಮದ್ದು ಬಿಡುತ್ತದೆ. ಹದಿನೈದು ದಿನಕ್ಕೊಂದು. ಇವತ್ತು ಸಂಜೆ ಅದರ ಸರದಿ. ಪಕ್ಕದಲ್ಲಿರುವ ಚಿಕ್ಕ ಕಿಂಡಿಯಲ್ಲಿ ಮದ್ದು ನೀರಿನಷ್ಟು ತಿಳಿಯಾಗಿ ಕಾಣಬೇಕು. ಕಂಡದ್ದು ಬಿಳಿಯ ಹರಳು. ಬಚ್ಚಲಲ್ಲಿ ಹೆಂಡತಿ ನೀರು ಹುಯ್ದುಕೊಳ್ಳುವ ಸದ್ದು ಬರುತ್ತಿತ್ತು; ಚೊಂಬು ಎತ್ತಿ ಎತ್ತಿ, ಕೈ ಮೇಲೆತ್ತಿ, ತಲೆಯ ಮೇಲಿಂದ ಹುಯ್ದುಕೊಳ್ಳುತ್ತಿದ್ದಳು. ಅವನು ಪೆನ್ನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ನಿಂತ. ಕರಗಲಿ ಎಂದು ಹಿಡಿದನೋ, ಅವಳು ಬಂದರೆ ಕಾಣದಿರಲಿ ಎಂದು ಹಿಡಿದನೋ. ಕೈ ಬಿಚ್ಚಿ ನೋಡುವಾಗ ಹರಳು ಹೋಗಿತ್ತು. ಮದ್ದು ಮೊದಲಿನ ಹಾಗೇ ತಿಳಿಯಾಗಿತ್ತು. ಯಾರಿಗೆ ತೋರಿಸಿದರೂ ಚೆನ್ನಾಗೇ ಇದೆ ಅನ್ನಬೇಕು, ಹಾಗೆ. ಆದರೆ ಆಸ್ಪತ್ರೆಯ ಔಷಧಿ ಕೊಡುವವನು ಮೊದಲ ದಿನವೇ ಹೇಳಿದ್ದ. “ಫ್ರೀಜರಲ್ಲಿ ಮಾತ್ರ ಇಡ್ಬೇಡಿ ಸಾರ್. ಒಂದ್ಸಲ ಹೆಪ್ಪುಗಟ್ಟಿದ್ರೆ ಕರಗಿಸಿದ್ರೂ ಕೆಲಸಕ್ಕೆ ಬರಲ್ಲ. ಒಳಗಿರೋ ಕಣದ ಆಕಾರಾನೇ ಕೆಟ್ಟುಹೋಗುತ್ತೆ. ಎಸೆದು ನಮಗೊಂದು ಫೋನ್ ಮಾಡಿ, ಬೇರೆ ಕೊಡ್ತೀವಿ.” ಅದಕ್ಕೆ ಇವನು ನಕ್ಕು, “ಫ್ರಿಜ್ಜಿನ ಪಾಠ ನನಗೇ ಹೇಳ್ತೀರಲ್ರೀ,” ಎಂದಿದ್ದ. ಪಕ್ಕದಲ್ಲಿ ನಿಂತಿದ್ದ ಹೆಂಡತಿಯೂ ನಕ್ಕಿದ್ದಳು, ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಏಕೆಂದರೆ ಆಗ ನಕ್ಕರೂ ಅವಳಿಗೆ ನೋಯುತ್ತಿತ್ತು.

ಬೇರೆ ಕೊಡುತ್ತಾರೆ. ಒಂದು ಫೋನು, ಅಷ್ಟೆ. ಕಷ್ಟವೇನೂ ಇಲ್ಲ. ಇದು ಅವನಿಗೆ ಆ ಗಳಿಗೆಯಲ್ಲೇ ಸ್ಪಷ್ಟವಾಗಿ ಗೊತ್ತಿತ್ತು, ಮತ್ತು ಗೊತ್ತಿದ್ದೂ ಪೆನ್ನನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಈ ಸಲ ಮುಂದಕ್ಕೆ, ಬಾಗಿಲ ಹತ್ತಿರ ಇಟ್ಟು, ಫ್ರಿಜ್ಜು ಮುಚ್ಚಿದ. ಹೆಂಡತಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬಂದಳು. ಹಾಕಿಕೊಳ್ಳುತ್ತಿದ್ದೇನೆ ಎಂಬ ಅರಿವೇ ಇಲ್ಲದ ಹಾಗೆ, ಕಿಟಕಿಯಾಚೆ ನೋಡುತ್ತ, ಬೆರಳುಗಳು ತಮ್ಮ ಪಾಡಿಗೆ ಮೇಲಿಂದ ಕೆಳಗಿಳಿಯುತ್ತಿದ್ದವು. “ಏನ್ರೀ, ಚಹಾ ಆಯ್ತಾ?” ಎಂದಳು. “ಹಾಲು ಗಟ್ಟಿಯಾಗಿದೆ,” ಎಂದ. “ಅಯ್ಯೋ, ಫ್ರಿಜ್ ಡಾಕ್ಟರ್ ಮನೇಲೇ ಹೀಗಾ? ಪರವಾಗಿಲ್ಲ ಬಿಡಿ, ಕಾಯ್ಸಿದ್ರಾಯ್ತು.” ಮುಗುಳ್ನಕ್ಕು ಅವಳೇ ಪಾತ್ರೆ ಎತ್ತಿ ಒಲೆಯ ಮೇಲಿಟ್ಟಳು, ಒಂದೇ ಕೈಯಲ್ಲಿ. ಅವನು ಆ ಕೈಯನ್ನು ನೋಡಿದ. ಮೊದಲು ಆ ಗುಂಡಿಗಳನ್ನು ಹಾಕುತ್ತಿದ್ದವನು ಅವನು. ಮೂರು ವರ್ಷ, ದಿನಾ ಬೆಳಿಗ್ಗೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಎದುರಿಗೆ ಮಂಡಿಯೂರಿ. ಗೆಣ್ಣುಗಳೆಲ್ಲ ಊದಿ ಬಿಸಿಯಾಗಿ, ಕೈಯನ್ನು ಬೇರೆ ಯಾರೋ ಮಡಿಲಲ್ಲಿ ಇಟ್ಟುಹೋದ ಹಾಗೆ ಇಟ್ಟುಕೊಂಡು ಕೂತಿರುತ್ತಿದ್ದಳು. ಕೆಳಗಿನ ಗುಂಡಿಯಿಂದ ಶುರು ಮಾಡಿ ಕುತ್ತಿಗೆಗೆ ಬರುವ ಹೊತ್ತಿಗೆ ಅವಳ ಉಸಿರು ಅವನ ಹಣೆಗೆ ತಾಗುತ್ತಿತ್ತು. ಆ ವರ್ಷಗಳಲ್ಲಿ ಅವಳು ಎಷ್ಟು ಮೆತ್ತಗಾಗಿದ್ದಳು! ಮದುವೆಯಾದ ಹೊಸತರಲ್ಲಿ ಅವಳ ಬಾಯಿಗೆ ಹೆದರಿ ಇವನು ತನ್ನ ರಿಪೇರಿ ಅಂಗಡಿಯಲ್ಲೇ ಹೊತ್ತು ಕಳೆದು ಬರುತ್ತಿದ್ದದ್ದುಂಟು. ಕಾಯಿಲೆ ಬಂದ ಮೇಲೆ ಒಂದು ಗಟ್ಟಿ ಮಾತಿಲ್ಲ, ಒಂದು ಸಿಡುಕಿಲ್ಲ. ಏನು ಮಾಡಿದರೂ “ಚೆನ್ನಾಗಿದೆ ರೀ,” “ಸಾಕು ರೀ, ನಿಮಗೆ ತೊಂದ್ರೆ.” ಈಗ ಚಹಾದ ಲೋಟ ಅವನ ಮುಂದಿಟ್ಟು, ಚೀಲ ಹೆಗಲಿಗೇರಿಸಿ, ಸಂಜೆ ಬೇಗ ಬರುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಒಂದೊಂದೇ ಮೆಟ್ಟಿಲಲ್ಲ, ಎಲ್ಲರೂ ಇಳಿಯುವ ಹಾಗೆ ದಡದಡನೆ.

ಅವಳು ಕೆಲಸ ಮಾಡುವುದು ಹಲ್ಲಿನ ಸೆಟ್ಟು ತಯಾರಿಸುವ ಕಡೆ. ಹಲ್ಲಿನ ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುವ ಕೆಲಸ. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರು ಉಣ್ಣುವಾಗ ಶಾಪ ಹಾಕುತ್ತಾರಂತೆ. ಬೆರಳಿನ ಹಿಡಿತ ಹೋದಾಗ ಆ ಕೆಲಸವೂ ಹೋಗಿತ್ತು. ಮತ್ತೆ ಸೇರಿ ಬಹಳ ದಿನವಾಗಿಲ್ಲ. ಸ್ಕೂಟರಿನ ಮೇಲೆ ಚೀಲ ಕಟ್ಟುತ್ತ, ಮಧ್ಯಾಹ್ನ ಫೋನು ಮಾಡಿ ಹೇಳಿಬಿಟ್ಟರಾಯಿತು ಎಂದುಕೊಂಡ. ಕೆಲಸದ ಮಧ್ಯೆ ಯಾಕೆ ಅವಳಿಗೆ ಗಾಬರಿ. ನಾನೇ ಆಸ್ಪತ್ರೆಗೆ ಹೋಗಿ ಬೇರೆ ತಂದುಬಿಟ್ಟರೆ ಅವಳಿಗೆ ತಿಳಿಯುವುದೇ ಇಲ್ಲ. ಹೀಗೆ ಒಳ್ಳೊಳ್ಳೆ ದಾರಿಗಳು ಒಂದರ ಹಿಂದೊಂದು ಹೊಳೆಯುತ್ತಿದ್ದವು. ಸ್ಕೂಟರು ಮಾತ್ರ ಆಸ್ಪತ್ರೆಯ ತಿರುವಿಗೆ ಬಂದಾಗ ನೇರಕ್ಕೆ ಹೋಯಿತು.

ಆ ತಿರುವಿನಲ್ಲಿ ಎಷ್ಟು ಸಲ ನಿಂತಿಲ್ಲ ಅವನು, ಹಿಂದೆ ಕೂತ ಅವಳಿಗೆ ಅಲುಗದಂತೆ ನಿಧಾನ ಮಾಡಿ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆದರೆ ಅವಸರವಿಲ್ಲದೆ ಹೇಳುತ್ತಿದ್ದಳು. “ನಮ್ಮ ಮೈಯಲ್ಲಿ ಕಾವಲಿನವರು ಇರ್ತಾರಲ್ಲ, ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಸೋ ಕಣಗಳಿವೆ. ಸೈಟೊಕೈನ್ ಅಂತೀವಿ. ಕಳ್ಳ ಬಂದ, ಬನ್ನಿ ಬನ್ನಿ ಅಂತ ಕೂಗೋದು ಅವುಗಳ ಕೆಲಸ. ನಿಮ್ಮ ಮೈಯಲ್ಲಿ ಕಳ್ಳ ಇಲ್ದೇನೇ ಕೂಗು ಎದ್ದಿದೆ. ಕೀಲಿನ ಒಳಪೊರೇನೇ ಕಳ್ಳ ಅಂದ್ಕೊಂಡು ಎಲ್ರೂ ಸೇರಿ ಬಡೀತಿದಾರೆ. ಊತ, ನೋವು ಎಲ್ಲ ಅದಕ್ಕೇ.” ಹೆಂಡತಿ ಕೇಳಿ, “ಅಂದ್ರೆ ಚಾಡಿಕೋರರು ಅನ್ನಿ,” ಎಂದಳು. ಡಾಕ್ಟರಮ್ಮನಿಗೆ ನಗು ತಡೆಯಲಿಲ್ಲ. “ಹೂಂ, ಚಾಡಿಕೋರರೇ. ಒಬ್ಬ ಇನ್ನೊಬ್ಬನ ಕಿವಿ ಊದ್ತಾನೆ, ಅವನು ಮತ್ತೊಬ್ಬನ ಕಿವಿ.” “ಹಾಗಾದ್ರೆ ಕೊಂದ್ಹಾಕಿ ಡಾಕ್ಟ್ರೆ.” “ಕೊಲ್ಲೋ ಹಾಗಿಲ್ಲಮ್ಮ. ನಿಜವಾದ ಕಳ್ಳ ಬಂದಾಗ ಕೂಗೋಕೆ ಅವನೇ ಬೇಕಲ್ಲ. ದಾರೀಲಿ ಹಿಡಿದು ಕೂರಿಸ್ಬಹುದು. ಅದಕ್ಕೇ ಈ ಮದ್ದು ಶುರು ಮಾಡೋ ಮೊದ್ಲು ಕ್ಷಯ ಇದೆಯಾ ನೋಡ್ತೀವಿ, ಜ್ವರ ಬಂದ್ರೆ ಮದ್ದು ನಿಲ್ಲಿಸ್ತೀವಿ.” ಮೊದಲು ಕೊಟ್ಟ ಇಂಜೆಕ್ಷನ್ ಹಿಡಿದದ್ದು ಒಬ್ಬ ಚಾಡಿಕೋರನನ್ನು, ಇವಳ ಮೈಯಲ್ಲಿ ಯಜಮಾನ ಅವನಾಗಿರಲಿಲ್ಲ, ಏನೂ ಗುಣ ಕಾಣಲಿಲ್ಲ. ಆಮೇಲೆ ಇನ್ನೊಬ್ಬನನ್ನು ಹಿಡಿಯುವ ಈ ಪೆನ್ನು ಬಂತು. ಟಿಎನ್ಎಫ್ ಎಂದು ಅವನ ಹೆಸರಂತೆ. ಅವನು ಸುಮ್ಮನಾದ ಕೂಡಲೇ ಉಳಿದವರ ಗದ್ದಲವೂ ಇಳಿಯಿತು. ಒಂದು ಬೆಳಿಗ್ಗೆ ಇವನು ಮಂಡಿಯೂರಿ ಕೂತಾಗ ಅವಳು, “ತಡೀರಿ, ನಾನು ಒಂದ್ಸಲ ನೋಡ್ತೀನಿ,” ಎಂದು ತಾನೇ ಗುಂಡಿಗೆ ಕೈ ಹಾಕಿದ್ದಳು. ಹಾಕಿ ಮುಗಿಸಿ ಗೊಳೋ ಎಂದು ಅತ್ತಿದ್ದಳು. ಇವನೂ ಅತ್ತಿದ್ದ. ಇವನು ಅತ್ತದ್ದು ಸಂತೋಷಕ್ಕೇ. ಅದರಲ್ಲಿ ಅನುಮಾನವಿಲ್ಲ. ಆದರೆ ಆಮೇಲೆ ಎದ್ದು ನಿಂತಾಗ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡದ್ದು ನೆನಪಿದೆ. “ಪೂರ್ತಿ ವಾಸಿ ಅಲ್ಲ ಇದು,” ಎಂದು ಡಾಕ್ಟರಮ್ಮ ಎಚ್ಚರಿಸಿದ್ದಳು. “ಸುಳ್ಳು ಸುದ್ದಿ ಹುಟ್ಟೋದು ನಿಂತಿಲ್ಲ, ಮುಟ್ಟೋದು ನಿಂತಿದೆ. ಡೋಸ್ ತಪ್ಪಿಸ್ಬೇಡಿ.” ಒಮ್ಮೆ ಗಂಟಲಿನ ಸೋಂಕಿನಿಂದ ಒಂದು ಇಂಜೆಕ್ಷನ್ ಮುಂದಕ್ಕೆ ಹೋದಾಗ ಅದೂ ಗೊತ್ತಾಯಿತು, ಒಂದು ಬೆಳಿಗ್ಗೆ ಅವಳ ಕೈಯಿಂದ ಲೋಟ ಬಿತ್ತು. ಅವನು ಓಡಿ ಬಂದಿದ್ದ. ಎಷ್ಟು ಬೇಗ ಓಡಿ ಬಂದಿದ್ದ!

ಹೂವಿನ ಅಂಗಡಿಯಾಕೆ ಬಾಗಿಲಲ್ಲೇ ಕಾಯುತ್ತಿದ್ದಳು. ಗಾಜಿನ ತಣ್ಣನೆ ಕಪಾಟಿನ ತುಂಬ ಹೂವಿನ ಕಟ್ಟುಗಳು, ಮದುವೆಯೊಂದಕ್ಕೆ ಹೋಗಬೇಕಾದವು. “ಬನ್ನಿ ಬನ್ನಿ, ನಿಮ್ಮ ಕೈಗುಣ ನೋಡಿ. ಹೋದ ವಾರ ನೀವು ಮುಟ್ಟಿ ಹೋದ ಮೇಲೇ ಹೀಗಾಗಿರೋದು,” ಎಂದು ಇತರ ಗಿರಾಕಿಗಳ ಮುಂದೆಯೇ ಶುರು ಮಾಡಿದಳು. ಹೋದ ವಾರ ಅವನು ಬದಲಿಸಿದ್ದು ಬಾಗಿಲಿನ ರಬ್ಬರು, ಇವತ್ತು ಕೆಟ್ಟಿರುವುದು ತಂಪು ಒಂದೇ ಕಡೆ ಕಟ್ಟಿಕೊಳ್ಳದಂತೆ ಹರಡುವ ಒಳಗಿನ ಫ್ಯಾನು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಹೇಳಲು ಹೊರಟವನು ಅದನ್ನು ಬಿಟ್ಟು ಚೀಲ ಬಿಚ್ಚಿದ. ಇವತ್ತು ಯಾರು ಏನು ಅಂದರೂ ಅನ್ನಿಸಿಕೊಳ್ಳಬೇಕಾದವನು ತಾನೇ ಅನ್ನಿಸಿತು. ಆಕೆ ಒಂದು ಕಟ್ಟು ತೆಗೆದು ಅವನ ಮೂಗಿಗೆ ಹಿಡಿದಳು. ದಳಗಳ ಅಂಚಿನಲ್ಲಿ ಗಾಜಿನಂಥ ಹೊಳಪಿತ್ತು. “ಇವು ನೋಡೋಕೆ ಚೆನ್ನಾಗೇ ಇವೆ ಅಲ್ವಾ? ಮಂಜು ಬಿಟ್ಟ ಮೇಲೆ ಸರಿಹೋಗ್ತವಾ?” ಅವನ ಬಾಯಿಂದ, ಇಷ್ಟು ವರ್ಷದ ಕಸುಬಿನ ಗತ್ತಿನಲ್ಲಿ, ತಾನಾಗಿ ಮಾತು ಬಂತು: “ಇಲ್ಲಮ್ಮ. ಒಂದ್ಸಲ ಗಟ್ಟಿಯಾದದ್ದು ಮುಗೀತು. ಸಂಜೆಯೊಳಗೆ ಕಪ್ಪಾಗ್ತವೆ. ಮದುವೆಗೆ ಕೊಟ್ಟು ಹೆಸರು ಕೆಡಿಸ್ಕೋಬೇಡಿ, ಎಸೀರಿ.” ಆಕೆ ಮುಖ ಸಿಂಡರಿಸಿ ಹೂಗಳನ್ನು ಬುಟ್ಟಿಗೆ ಸುರಿದಳು. ಅವನು ಕಪಾಟಿನೊಳಗೆ ತಲೆ ತೂರಿಸಿ ಫ್ಯಾನು ಬಿಚ್ಚತೊಡಗಿದ.

ತಲೆ ಒಳಗಿದ್ದಾಗ ಹೊರಗಿನ ಮಾತು ಕೇಳುವುದಿಲ್ಲ, ತನ್ನದೇ ಕೇಳುತ್ತದೆ. ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಸಂಜೆ ಚುಚ್ಚುವುದು, ಅವಳು ಹತ್ತಿ ಒತ್ತಿಕೊಳ್ಳುವುದು, ಊಟ, ನಿದ್ದೆ. ದಿನಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ. ಮದ್ದು ಕೈಬಿಟ್ಟಿದೆ, ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಾಳೆ. ಯಾರ ಬೆರಳೂ ಇವನ ಕಡೆ ತಿರುಗುವುದಿಲ್ಲ. ಮತ್ತೆ ಕಿಟಕಿಯ ಪಕ್ಕದ ಕುರ್ಚಿ. ಅತ್ತೆ ಫೋನು ಮಾಡಿದಾಗ, “ನಮ್ಮ ಅಳಿಯಂದಿರ ಥರ ಯಾರಿದಾರೆ ಹೇಳಿ, ದೇವರಂಥವರು,” ಎಂದು ಮತ್ತೆ ಹೇಳುವುದು. ಈಗ ಅತ್ತೆ ಫೋನು ಮಾಡಿದರೆ ಮಗಳ ಕೆಲಸದ ಸುದ್ದಿ ಕೇಳುತ್ತಾರೆ, ಫೋನು ಅವಳಿಗೆ ಕೊಡಿ ಅನ್ನುತ್ತಾರೆ. ಇವನು ಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ. ಛೀ, ಎಂದುಕೊಂಡ. ಸ್ಕ್ರೂಡ್ರೈವರು ಕೈ ಜಾರಿ ತಗಡಿಗೆ ಬಡಿಯಿತು. ಇದು ನಾನು ಯೋಚಿಸಿದ್ದಲ್ಲ, ಸುಮ್ಮನೆ ತಲೆಗೆ ಬಂದದ್ದು. ಹಾಗಾದರೆ ಥರ್ಮೋಸ್ಟಾಟು? ಚೀಲದಲ್ಲಿಟ್ಟುಕೊಂಡು ದಿನಾ ತಿರುಗಿದ್ದು? ಡಬ್ಬಿಯನ್ನು ಹಿಂದಕ್ಕೆ, ತಗಡಿಗೆ ತಾಗುವಷ್ಟು ಹಿಂದಕ್ಕೆ ಇಟ್ಟವರು ಯಾರು? ಅವಳೇ ಇಟ್ಟಿರಬಹುದು, ತರಕಾರಿ ಇಡುವಾಗ ತಳ್ಳಿರಬಹುದು. ಇರಬಹುದು. ಆದರೆ ತನಗೆ ನೆನಪಿಲ್ಲ ಎಂಬುದನ್ನು ಅವನು ನಂಬಲಿಲ್ಲ. ಒಳಗೆ ಯಾರೋ ಕೂತು ಸದ್ದಿಲ್ಲದೆ ಚಾಡಿ ಹೇಳುತ್ತಿದ್ದಾನೆ, ಅವಳು ಗುಣವಾದದ್ದೇ ನಿನಗೆ ಕೇಡು ಎಂದು, ಮತ್ತು ತಾನು ಅದನ್ನು ಕೇಳಿಸಿಕೊಳ್ಳುತ್ತ ಕೂತಿದ್ದೇನೆ ಅನ್ನಿಸಿ ಅವನಿಗೆ ತನ್ನ ಮೈಯ ಬಗ್ಗೆಯೇ ಅಸಹ್ಯವಾಯಿತು. ಮಧ್ಯಾಹ್ನವಾಯಿತು. ಫೋನು ತೆಗೆದ, ಆಸ್ಪತ್ರೆಯ ನಂಬರು ನೋಡಿದ, ಊಟದ ಹೊತ್ತಲ್ಲವೇ ಅವರಿಗೆ ಎಂದು ಒಳಗಿಟ್ಟ.

ಸಂಜೆ ಅವನು ಮನೆಗೆ ಬರುವಾಗ ಅವಳು ಆಗಲೇ ಬಂದಿದ್ದಳು. ಪೆನ್ನನ್ನು ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದಳು. ತಣ್ಣಗಿದ್ದಾಗ ಚುಚ್ಚಿದರೆ ಉರಿಯುತ್ತದೆ, ಸ್ವಲ್ಪ ಹೊತ್ತು ಹೊರಗಿರಬೇಕು. ಅವನು ಕೈಕಾಲು ತೊಳೆದು ಬಂದ. ಎಂದಿನಂತೆ ಹತ್ತಿ, ಸ್ಪಿರಿಟ್ಟು ಎತ್ತಿಕೊಳ್ಳಲು ಹೋದ. “ರೀ, ಇವತ್ತು ನಾನೇ ಚುಚ್ಕೋತೀನಿ,” ಎಂದಳು ಅವಳು. ಕಣ್ಣಲ್ಲಿ ಮಿಂಚಿತ್ತು. “ಇಷ್ಟು ದಿನ ಒತ್ತೋಕೆ ಹೆಬ್ಬೆರಳಲ್ಲಿ ಶಕ್ತಿ ಇರ್ಲಿಲ್ಲ. ಇವತ್ತು ಕೆಲಸದಲ್ಲಿ ಒಂದು ಪೂರ್ತಿ ಸೆಟ್ಟು ನಾನೊಬ್ಳೇ ಮಾಡ್ದೆ, ಗೊತ್ತಾ? ಸಾಹೇಬ್ರು ತಿರುಗ್ಸಿ ತಿರುಗ್ಸಿ ನೋಡಿದ್ರು, ಒಂದು ತಪ್ಪು ಸಿಗ್ಲಿಲ್ಲ. ಕೊಡಿ ಇಲ್ಲಿ.” ಕೈ ಚಾಚಿದಳು. ಪೆನ್ನು ಮೇಜಿನ ಮೇಲೆ ಅವನಿಗೆ ಹತ್ತಿರದ ತುದಿಯಲ್ಲಿತ್ತು. ಇದೊಂದು ಉಳಿದಿತ್ತು, ಎಂದುಕೊಂಡ. ಹದಿನೈದು ದಿನಕ್ಕೊಮ್ಮೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ಇನ್ನೊಂದು ಗಳಿಗೆ, ಆಯ್ತು ಆಯ್ತು, ಅನ್ನುವುದು. ಇದೂ ಹೋಯಿತು. ಅವನು ಪೆನ್ನೆತ್ತಿ ಅವಳ ಕೈಗೆ ಕೊಟ್ಟ. ಕೊಟ್ಟೇಬಿಟ್ಟ.

ಅವಳು ಅಂಗಿ ಸ್ವಲ್ಪ ಮೇಲೆತ್ತಿ ಹತ್ತಿಯಿಂದ ಒರೆಸಿಕೊಂಡಳು. ಮುಚ್ಚಳ ತೆಗೆದಳು. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿತ್ತು, ಮೇಣ ಕೊರೆಯುವಾಗ ಇರುವ ಹಾಗೆ. ಪೆನ್ನನ್ನು ನೆಟ್ಟಗೆ ಹಿಡಿದಳು. ಉಗುರಿನ ಸಂದಿಯಲ್ಲಿ ಗುಲಾಬಿ ಮೇಣ ಇನ್ನೂ ಅಂಟಿಕೊಂಡಿತ್ತು. ಅದನ್ನು ಕಂಡದ್ದೇ ಅವನಿಗೆ ತಡೆಯಲಾಗಲಿಲ್ಲ.

“ಬೇಡ. ತೆಗಿ. ಅದು ಕೆಟ್ಟಿದೆ.”

“ಏನು?”

“ಹೆಪ್ಪುಗಟ್ಟಿತ್ತು. ಫ್ರಿಜ್ಜಲ್ಲಿ. ಹಾಲಿನ ಜೊತೆ ಅದೂ.”

ಅವಳು ಪೆನ್ನನ್ನು ದೂರ ಹಿಡಿದು ಕಿಂಡಿಯಲ್ಲಿ ಇಣುಕಿದಳು. ಆಮೇಲೆ ನಕ್ಕಳು. “ಅಯ್ಯೋ ದೇವ್ರೇ! ಅದಕ್ಕೇ ಮುಖ ಹಾಗೆ ಮಾಡ್ಕೊಂಡಿದ್ರಾ? ಆಗುತ್ತೆ ಬಿಡಿ ರೀ. ನಾಳೆ ಬೆಳಿಗ್ಗೆ ಹೋಗಿ ಬೇರೆ ತಂದ್ರಾಯ್ತು. ಒಂದು ದಿನಕ್ಕೆ ಏನೂ ಆಗಲ್ಲ.” ಮುಚ್ಚಳ ಹುಡುಕಿ ಹಾಕತೊಡಗಿದಳು. ಎಷ್ಟು ಸುಲಭವಾಗಿ ಮುಗಿದುಹೋಗಿತ್ತು! ಇಲ್ಲಿಗೆ ಸುಮ್ಮನಿದ್ದರೆ ಫ್ರಿಜ್ಜು ಕೆಟ್ಟದ್ದಷ್ಟೇ ತಪ್ಪು, ಅದಕ್ಕೆ ಕ್ಷಮೆ ಆಗಲೇ ಸಿಕ್ಕಿತ್ತು. ನಾಳೆಯಿಂದ ಇದನ್ನು ಹೇಳಿಕೊಂಡು ನಗಬಹುದು, ಅತ್ತೆಗೂ ಹೇಳಬಹುದು. ಅವನು ಕುರ್ಚಿ ಎಳೆದು ಕೂತ.

“ಯಾವಾಗ ನೋಡಿದ್ರಿ?” ಎಂದಳು, ಮುಚ್ಚಳ ತಿರುವುತ್ತಲೇ.

“ಬೆಳಿಗ್ಗೆ.”

ಮುಚ್ಚಳ ತಿರುವುವುದು ನಿಂತಿತು. “ಬೆಳಿಗ್ಗೆ ಅಂದ್ರೆ? ನಾನು ಹೋಗೋ ಮೊದ್ಲಾ?”

“ಹೂಂ.”

“ಬೆಳಿಗ್ಗೆ ನೋಡಿ, ಈಗ ನನ್ನ ಕೈಗೆ ಕೊಟ್ರಿ.”

“ಕೊಟ್ಟೆ. ನಿನಗೆ ಮತ್ತೆ ಹಾಗಾಗ್ಲಿ ಅಂತ ಅನ್ನಿಸ್ತು ನಂಗೆ. ಮೊದಲಿನ ಹಾಗೆ. ನೀನು ಆಗ ಎಷ್ಟು ಚೆನ್ನಾಗಿದ್ದೆ ನನ್ನ ಜೊತೆ. ಒಂದು ಗಟ್ಟಿ ಮಾತು ಆಡ್ಲಿಲ್ಲ. ಈಗ ನಾನು ಯಾತಕ್ಕೂ ಬೇಡ. ಇಡೀ ದಿನ ಇದೇ ಯೋಚ್ನೆ ಮಾಡ್ದೆ. ಮಾಡ್ಬಾರ್ದಿತ್ತು. ಮಾಡ್ದೆ.”

ಅವಳು ಮುಚ್ಚಳವನ್ನು ಪೂರ್ತಿ ತಿರುವಿ ಮುಗಿಸಿದಳು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಅಳುತ್ತಾಳೆ ಎಂದುಕೊಂಡ. ಅತ್ತರೆ ಹೋಗಿ ಹಿಡಿದುಕೊಳ್ಳಬೇಕು ಎಂದು ಕೈಗಳು ಆಗಲೇ ಸಿದ್ಧವಾಗಿದ್ದವು, ಅದಕ್ಕೂ ನಾಚಿಕೆಯಾಯಿತು. ಅವಳು ಅಳಲಿಲ್ಲ. “ಗಟ್ಟಿ ಮಾತು ಯಾಕೆ ಆಡ್ತಿರ್ಲಿಲ್ಲ ಗೊತ್ತಾ?” ಎಂದಳು. ಸ್ವರ ತಗ್ಗಿನಲ್ಲಿತ್ತು. “ಭಯಕ್ಕೆ. ಇವತ್ತು ಬೈದ್ರೆ ನಾಳೆ ಬೆಳಿಗ್ಗೆ ನನ್ನನ್ನ ಎಬ್ಬಿಸೋರು ಯಾರು? ಬಚ್ಚಲಿಗೆ ಕರ್ಕೊಂಡು ಹೋಗೋರು ಯಾರು? ನೀವು ಕೋಪ ಮಾಡ್ಕೊಂಡು ಹೊರಗೆ ಹೋದ್ರೆ ನಾನು ಹಾಸಿಗೇಲೇ ಬಿದ್ದಿರ್ಬೇಕಿತ್ತು. ಮೂರು ವರ್ಷ ನಾಲಿಗೆ ಕಚ್ಕೊಂಡು ಮಲಗಿದ್ದೆ ಕಣ್ರೀ ನಾನು. ಅದನ್ನ ಪ್ರೀತಿ ಅಂದ್ಕೊಂಡ್ರಾ?”

ಅವನು ಮೇಜಿನ ಮೇಲಿನ ಹತ್ತಿಯನ್ನು ಬೆರಳಲ್ಲಿ ಉಂಡೆ ಮಾಡತೊಡಗಿದ.

“ತಲೆ ಬಾಚ್ತಿದ್ರಲ್ಲ, ಬುಡ ಕಿತ್ತು ಬರೋ ಹಾಗೆ ಎಳೀತಿದ್ರಿ. ಚೆನ್ನಾಗಿ ಬಾಚ್ತೀರಿ ಅಂತಿದ್ದೆ. ಚಹಾಕ್ಕೆ ಸಕ್ಕರೆ ಸುರಿದು ಪಾಯಸ ಮಾಡಿ ಕುಡಿಸ್ತಿದ್ರಿ, ಕುಡೀತಿದ್ದೆ. ಮನೆಗೆ ಬಂದೋರ ಮುಂದೆಲ್ಲ, ನಾನೇ ಸ್ನಾನ ಮಾಡಿಸ್ತೀನಿ, ನಾನೇ ಕಕ್ಕಸಿಗೆ ಕರ್ಕೊಂಡು ಹೋಗ್ತೀನಿ ಅಂತ ಡಂಗುರ ಸಾರಿದ್ರಿ. ನಾನು ಅಲ್ಲೇ ಕೂತಿರ್ತಿದ್ದೆ. ಅಲ್ಲೇ! ನಮ್ಮಮ್ಮ ನಿಮ್ಮನ್ನ ದೇವ್ರು ಅಂದಾಗ ನಿಮ್ಮ ಮುಖ ಕನ್ನಡೀಲಿ ನೋಡ್ಕೋಬೇಕಿತ್ತು ನೀವು!” ಸ್ವರ ಒಂದೊಂದು ಮಾತಿಗೂ ಏರುತ್ತಿತ್ತು. ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು, ಕೈ ಬೀಸಿದಳು, ಐದೂ ಬೆರಳು ಬಿಚ್ಚಿ ಅವನ ಮುಖಕ್ಕೆ ಹಿಡಿದಳು. “ನೋವು ಹೋಗಿ ಇಷ್ಟು ತಿಂಗಳಾದ್ರೂ ಆ ಭಯ ಹೋಗಿರ್ಲಿಲ್ಲ ನಂಗೆ. ಮತ್ತೆ ಬಂದ್ಬಿಟ್ರೆ ಏನ್ ಗತಿ, ಇವರ ಹತ್ರ ಚೆನ್ನಾಗಿರೋಣ ಅಂತ. ಈಗ ನೋಡಿದ್ರೆ ಆ ನೋವನ್ನ ಕರ್ಕೊಂಡು ಬರೋಕೆ ನೀವೇ ಹೊರಟಿದೀರಿ! ನಾಚ್ಕೆ ಆಗಲ್ವಾ? ಮೈಯೊಳಗಿನ ಚಾಡಿಕೋರರೇ ವಾಸಿ ಕಣ್ರೀ, ಅವಕ್ಕೆ ಕಣ್ಣಿಲ್ಲ!”

ಮೇಲಿನ ಮನೆಯಲ್ಲಿ ಕುರ್ಚಿಯ ಸದ್ದು ನಿಂತಿತು, ಕೇಳಿಸಿಕೊಳ್ಳುತ್ತಿದ್ದಾರೆ. ಕೇಳಲಿ. ಇದು ಅವಳ ದನಿ, ಮದುವೆಯಾದ ಹೊಸತರಲ್ಲಿ ಹೆದರಿ ಅಂಗಡಿಯಲ್ಲೇ ಕೂತುಬಿಡುತ್ತಿದ್ದನಲ್ಲ, ಅದೇ ದನಿ. ಇದು ಇಲ್ಲವಾಗಿತ್ತು ಎಂಬುದು ಕೂಡ ಇಷ್ಟು ವರ್ಷ ಅವನ ಗಮನಕ್ಕೆ ಬಂದಿರಲಿಲ್ಲ. ಪ್ರತಿ ಮಾತೂ ತಾಗಬೇಕಾದ ಕಡೆಯೇ ತಾಗುತ್ತಿತ್ತು. ನೀರಾದರೂ ತಂದುಕೊಡೋಣ, ಕೂಗಿ ಕೂಗಿ ಗಂಟಲು ಕಟ್ಟುತ್ತದೆ ಎಂದು ಅಭ್ಯಾಸದಿಂದ ಏಳಹೋದ.

“ಎಲ್ಲಿಗೆ ಹೊರಟ್ರಿ? ಸೇವೆ ಮಾಡೋಕಾ? ಕೂತ್ಕೊಳ್ಳಿ ಅಲ್ಲಿ,” ಎಂದಳು. “ಇನ್ನೂ ಮೊದಲ್ನೇ ವರ್ಷದ್ದೇ ಹೇಳಿ ಮುಗಿದಿಲ್ಲ.”

ಅವನು ಕೂತ.